10 ದಿನ, 7 ಕೆಜಿ, ಒಂದೇ ಬ್ಯಾಗ್: ಹೋಗಿಬಂದವರು ಹೇಳಿ

ಪ್ರಶ್ನೆ: ಮುಂದಿನ ತಿಂಗಳು 10 ದಿನದ ಪ್ರವಾಸ ಇದೆ. ವಿಮಾನದ ಟಿಕೆಟ್‌ನಲ್ಲಿ ಕ್ಯಾಬಿನ್ ಬ್ಯಾಗ್‌ಗೆ (ಒಳಗೆ ಜೊತೆಗೇ ಒಯ್ಯುವ ಬ್ಯಾಗ್) ಮಾತ್ರ ಅವಕಾಶ, ಅದೂ 7 ಕೆಜಿ. ನಿನ್ನೆ ಸುಮ್ನೆ ತುಂಬಿಸಿ ತೂಗಿ ನೋಡಿದೆ, 11 ಬಂತು! ಏನು ಬಿಡಲಿ ಅಂತಲೇ ಗೊತ್ತಾಗುತ್ತಿಲ್ಲ.

ಉತ್ತರ 1: ಬಟ್ಟೆ ಕಡಿಮೆ ಮಾಡುವ ಮೊದಲು ಖಾಲಿ ಬ್ಯಾಗನ್ನು ತೂಗಿ. ನನ್ನ ಹಳೇ ಗಾಲಿ ಸೂಟ್‌ಕೇಸ್ ಖಾಲಿ ಇದ್ದಾಗಲೇ 3 ಕೆಜಿ ಮೇಲಿತ್ತು. ಅರ್ಧ ಲೆಕ್ಕ ಅಲ್ಲೇ ಮುಗಿಯಿತಲ್ಲ! ಈಗ 1 ಕೆಜಿಯ ಬ್ಯಾಕ್‌ಪ್ಯಾಕ್ ಹಾಕಿಕೊಂಡು ಹೋಗುತ್ತೇನೆ. ಬೆನ್ನುನೋವು ಇದ್ದವರಿಗೆ ಇದು ಬೇಡ, ಗಾಲಿಯೇ ಸರಿ. ಅಳತೆ ನೋಡುವಾಗ ಗಾಲಿ, ಹಿಡಿ ಎರಡನ್ನೂ ಸೇರಿಸಿ ಅಳೆಯಿರಿ. ಪ್ರತಿ ಕಂಪನಿಯ ಅಳತೆಯೂ ಬೇರೆ ಬೇರೆ, ನಿಮ್ಮ ಟಿಕೆಟ್‌ನಲ್ಲಿ ಏನಿದೆಯೋ ಅದನ್ನೇ ನಂಬಿ.

ಉತ್ತರ 2: 10 ದಿನಕ್ಕೆ 10 ಜೊತೆ ಬಟ್ಟೆ ಇಟ್ಟಿದ್ದೀರಿ, ಅಲ್ವಾ? ಎಲ್ಲರೂ ಮೊದಲ ಸಲ ಮಾಡುವುದು ಅದನ್ನೇ. 4 ದಿನಕ್ಕೆ ಆಗುವಷ್ಟು ಇಟ್ಟುಕೊಳ್ಳಿ, ಉಳಿದ ದಿನಕ್ಕೆ ಅದನ್ನೇ ಒಗೆದುಕೊಳ್ಳಿ. ನಾನು ಒಯ್ಯುವುದು ಮೈಮೇಲಿರುವುದೂ ಸೇರಿ 4 ಅಂಗಿ, 2 ಪ್ಯಾಂಟ್, 5 ಒಳಉಡುಪು. ಪ್ಯಾಂಟ್ ಎರಡೂ ಗಾಢ ಬಣ್ಣದವು, ಯಾವ ಅಂಗಿಗೆ ಯಾವುದು ಹಾಕಿದರೂ ನಡೆಯುತ್ತದೆ.

ರಾತ್ರಿ ಸ್ನಾನದ ಜೊತೆಗೇ ಒಂದು ಅಂಗಿ, ಸಾಕ್ಸ್ ಒಗೆದುಬಿಡುತ್ತೇನೆ. ಬರೀ ಕೈಯಲ್ಲಿ ಹಿಂಡಿದರೆ ಬೆಳಿಗ್ಗೆಗೆ ಒಣಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಹಿಂಡಿದ ಅಂಗಿಯನ್ನು ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಮೇಲೆ ನಿಂತು ಚೆನ್ನಾಗಿ ತುಳಿಯಿರಿ. ಟವೆಲ್ ನೀರೆಲ್ಲ ಹೀರಿಕೊಂಡು ಭಾರವಾಗುತ್ತದೆ, ಅಂಗಿ ಬರೀ ತಣ್ಣಗಿರುತ್ತದೆ ಅಷ್ಟೇ. ಪಾಲಿಯೆಸ್ಟರ್ ಬೆಳಿಗ್ಗೆಗೆ ಒಣಗಿರುತ್ತದೆ. ದಪ್ಪ ಹತ್ತಿ ಬಟ್ಟೆಗೆ ಈ ಭರವಸೆ ಕೊಡಲಾರೆ. ಜೀನ್ಸ್ ಅಂತೂ ಒಯ್ಯಲೇಬೇಡಿ, ತೂಕವೂ ಜಾಸ್ತಿ, ಒಣಗುವುದೂ ಇಲ್ಲ.

ಉತ್ತರ 3: ಜೀನ್ಸ್ ಬೇಕೇ ಬೇಕು ಅನ್ನುವವರು ಅದನ್ನೇ ಹಾಕಿಕೊಂಡು ವಿಮಾನ ಹತ್ತಿ. ದಪ್ಪ ಜಾಕೆಟ್, ಭಾರದ ಶೂ ಕೂಡ ಮೈಮೇಲೇ ಇರಲಿ. ಸೆಕೆ ಆಗುತ್ತದೆ, ಒಳಗೆ ಕೂತ ಮೇಲೆ ಬಿಚ್ಚಿದರಾಯಿತು. ನನ್ನ ಜಾಕೆಟ್ ಜೇಬಲ್ಲಿ ಚಾರ್ಜರ್, ಪುಸ್ತಕ, ಕನ್ನಡಕದ ಡಬ್ಬಿ ಎಲ್ಲ ಇರುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ.

ಉತ್ತರ 4: ನನ್ನ ಪೆಟ್ಟು ತಿಂದ ಅನುಭವ. 150 ಎಂಎಲ್‌ನ ಕ್ರೀಮ್ ಟ್ಯೂಬ್ ಇತ್ತು, ಮುಕ್ಕಾಲು ಖಾಲಿಯಾದದ್ದು. ಭದ್ರತಾ ತಪಾಸಣೆಯಲ್ಲಿ, ಒಳಗೆ ಇಷ್ಟೇ ಇಷ್ಟು ಇದೆ ನೋಡಿ ಅಂತ ಹಿಸುಕಿ ತೋರಿಸಿದೆ. ಕಸದ ಬುಟ್ಟಿಗೆ ಹೋಯಿತು. ಲೆಕ್ಕ ಹಿಡಿಯುವುದು ಡಬ್ಬಿಯ ಮೇಲೆ ಬರೆದಿರುವ ಅಳತೆಯನ್ನು, ಒಳಗೆ ಉಳಿದಿರುವುದನ್ನಲ್ಲ. 2006ರಲ್ಲಿ ಬ್ರಿಟನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದ ನಿಯಮ ಇದು: ಒಂದೊಂದು ಡಬ್ಬಿ 100 ಎಂಎಲ್ ಒಳಗೆ, ಎಲ್ಲವೂ 1 ಲೀಟರ್‌ನ ಒಂದು ಪಾರದರ್ಶಕ ಚೀಲದಲ್ಲಿ. ಹೊಸ ಸ್ಕ್ಯಾನರ್ ಬಂದ ಕೆಲವು ವಿಮಾನ ನಿಲ್ದಾಣಗಳಲ್ಲಿ ಈಗ ಸಡಿಲ ಮಾಡಿದ್ದಾರೆ. ಆದರೆ ವಾಪಸ್ ಬರುವ ಕಡೆಯೂ ಹಾಗೇ ಇರಬೇಕಲ್ಲ! ಟೂತ್‌ಪೇಸ್ಟ್, ಜೆಲ್ ಕೂಡ ದ್ರವದ ಲೆಕ್ಕಕ್ಕೇ ಬರುತ್ತವೆ. ನಾನೀಗ ಸೋಪು, ಶಾಂಪೂ ಎರಡನ್ನೂ ಗಟ್ಟಿ ಬಿಲ್ಲೆಯಾಗಿಯೇ ಒಯ್ಯುತ್ತೇನೆ.

ಉತ್ತರ 5: ಪವರ್ ಬ್ಯಾಂಕ್ ಬ್ಯಾಗಿನ ತಳಕ್ಕೆ ಹಾಕಬೇಡಿ. ವಿಮಾನದೊಳಗೆ ತಲೆಮೇಲಿನ ಕಪಾಟಿನಲ್ಲಿ ಜಾಗ ಇಲ್ಲ ಅಂತ ಕೆಲವು ಸಲ ಗೇಟ್‌ನಲ್ಲೇ ಬ್ಯಾಗ್ ಇಸಿದುಕೊಂಡು ಸರಕಿನ ಜೊತೆ ಹಾಕುತ್ತಾರೆ. ಆಗ ಪವರ್ ಬ್ಯಾಂಕನ್ನು ಹೊರಗೆ ತೆಗೆಯಲೇಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್‌ನಲ್ಲಾದರೆ ಆರಿಸಬಹುದು, ಕೆಳಗೆ ಯಾರಿದ್ದಾರೆ? 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ) ಒಳಗಿದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಮೇಲೆ 20,000 ಎಂಎಎಚ್ ಅಂತ ಬರೆದಿರುವ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ದಿನಾ ತೆಗೆದುಕೊಳ್ಳುವ ಮಾತ್ರೆ, ಪಾಸ್‌ಪೋರ್ಟ್ ಕೂಡ ಇದರ ಜೊತೆಗೇ ಒಂದು ಪುಟ್ಟ ಚೀಲದಲ್ಲಿರಲಿ. ಬ್ಯಾಗ್ ಕೊಟ್ಟರೂ ಚೀಲ ಕೈಯಲ್ಲಿರುತ್ತದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಸೂಟ್‌ಕೇಸ್ ಬಿಟ್ಟೆ, 4 ಅಂಗಿ ವಾಪಸ್ ಬೀರುವಿಗೆ ಹೋದವು. ಈಗ 7.6 ಇದೆ. ಎರಡನೇ ಜೊತೆ ಶೂ ಮಾತ್ರ ತೆಗೆಯಲು ಮನಸ್ಸು ಬರುತ್ತಿಲ್ಲ.

ಉತ್ತರ 2: ಅದನ್ನೊಂದೇ ತೂಗಿ ನೋಡಿ.

ಪ್ರಶ್ನೆ ಕೇಳಿದವರು: 800 ಗ್ರಾಂ. ಸರಿ, ಬಿಟ್ಟೆ.