ಅಪ್‌ಡೇಟ್: ಪುಂಡಿ ಪಲ್ಯ ಗೆದ್ದಿತು, ಕೋಳಿ ಸಾರು ಚೆಲ್ಲಬೇಕಾಯಿತು

ಚಿಂಚೋಳಿ ಹತ್ತಿರದ ಚಂದ್ರಂಪಳ್ಳಿ ಡ್ಯಾಂ ಕಡೆ ಎರಡು ರಾತ್ರಿ ಟೆಂಟ್ ಹಾಕುತ್ತೇವೆ, ಮನೆಯಲ್ಲೇ ಅಡುಗೆ ಮಾಡಿ ಫ್ರೀಜ್ ಮಾಡಿ ಒಯ್ಯಬಹುದಾ ಅಂತ ಕೇಳಿದ್ದೆ ಅಲ್ವಾ, ಹೋಗಿ ಬಂದೆವು.

ನೀವು ಹೇಳಿದ ಹಾಗೆ ಪುಂಡಿ ಪಲ್ಯ (ಗೋಂಗುರ ಸೊಪ್ಪಿನದು) ತಣ್ಣಗಾಗಲು ಬಿಟ್ಟು, ಜಿಪ್ ಕವರಿನಲ್ಲಿ ಚಪ್ಪಟೆಯಾಗಿ ತುಂಬಿ, ಗಾಳಿ ತೆಗೆದು ಎರಡು ದಿನ ಫ್ರೀಜರಿನಲ್ಲಿ ಇಟ್ಟಿದ್ದೆ. ಹಲಗೆಯಷ್ಟು ಗಟ್ಟಿಯಾಗಿತ್ತು. ಕಲಬುರಗಿಯಿಂದ ಚಿಂಚೋಳಿ ದಾಟುವವರೆಗೂ ಬಿಸಿಲು, ಆದರೂ ಐಸ್ ಬಾಕ್ಸ್ ತೆಗೆದಾಗ ಅಂಚು ಮಾತ್ರ ಕರಗಿತ್ತು. ಕುದಿಯುವಷ್ಟು ಬಿಸಿ ಮಾಡಿದೆ. ಹುಳಿ, ಬೆಳ್ಳುಳ್ಳಿ ಒಗ್ಗರಣೆ ಎರಡೂ ಹಾಗೇ ಇದ್ದವು, ನಿಜಕ್ಕೂ ಖುಷಿಯಾಯಿತು.

ಆಲೂಗಡ್ಡೆ ಪಲ್ಯ ಮಾತ್ರ ಫ್ರೀಜ್ ಮಾಡಬೇಡಿ. ನೀರು ಬಿಟ್ಟು ಸ್ಪಂಜಿನಂತಾಯಿತು.

ಕೋಳಿ ಸಾರು ಎರಡನೇ ರಾತ್ರಿಗೆ ಇಟ್ಟಿದ್ದೆ. ಮಕ್ಕಳು ತಣ್ಣೀರಿಗೆ ಅಂತ ಬಾಕ್ಸ್ ತೆಗೆದು ತೆಗೆದು, ಮಧ್ಯಾಹ್ನಕ್ಕೆ ಐಸ್ ಎಲ್ಲ ನೀರಾಗಿ, ಸಂಜೆಗೆ ಆ ನೀರೂ ಬೆಚ್ಚಗಾಗಿತ್ತು. ವಾಸನೆ ಚೆನ್ನಾಗೇ ಇತ್ತು, ಆದರೆ ವಾಸನೆ ನಂಬಿ ತಿನ್ನಬಾರದು. 5 ಡಿಗ್ರಿ ಮೇಲೆ ಎರಡು ತಾಸಿಗಿಂತ ಜಾಸ್ತಿ ಇದ್ದರೆ ಮಾಂಸದ ಅಡುಗೆ ಚೆಲ್ಲುವುದೇ ಸರಿ, ನಮ್ಮ ಬಿಸಿಲಿಗೆ ಒಂದು ತಾಸೂ ಜಾಸ್ತಿಯೇ. ಚೆಲ್ಲಿದೆ. ಆ ರಾತ್ರಿ ಕಟಕ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ), ಈರುಳ್ಳಿ.

ಮುಂದಿನ ಸಲ ನೀರಿನ ಬಾಟಲಿಗೆ ಬೇರೆ ಬಾಕ್ಸ್, ಕೋಳಿ ಮೊದಲ ರಾತ್ರಿಗೇ.