ಬಿಜಿಎಂಐ ಸೆನ್ಸಿಟಿವಿಟಿ: ಈ ವಾರ ಕೋಚ್‌ಗೆ ಕೇಳಿ

ಕೋಚ್: ಈ ವಾರ ಬಿಜಿಎಂಐ ಅನ್ನೋ ಫೋನ್ ಶೂಟಿಂಗ್ ಆಟದ ಸೆನ್ಸಿಟಿವಿಟಿ ಮಾತ್ರ, ಅಂದ್ರೆ ಬೆರಳು ಇಲ್ಲ ಫೋನ್ ಅಲುಗಿಸಿದ್ರೆ ಗುರಿ ಎಷ್ಟು ಬೇಗ ತಿರುಗಬೇಕು ಅನ್ನೋ ಸೆಟ್ಟಿಂಗ್. ಯಾವ ಫೋನ್, ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ), ಜೈರೋ (ಫೋನ್ ತಿರುಗಿಸಿ ಗುರಿ ಇಡೋ ಸೆನ್ಸರ್) ಇದೆಯಾ, ಎಷ್ಟು ಬೆರಳು, ಯಾವ ಗನ್, ಯಾವ ಸ್ಕೋಪ್, ಇಷ್ಟೂ ಬರೆದು ಕೇಳಿ. ಬರೀ "ಏಮ್ ಕೂರ್ತಿಲ್ಲ" ಅಂದ್ರೆ ನಾನು ಶಾಸ್ತ್ರ ಹೇಳೋನಲ್ಲ.

ಮಂಜ ಥಂಬರ್: ಎರಡು ಬೆರಳು, ಜೈರೋ ಇಲ್ಲ, 60 ಎಫ್‌ಪಿಎಸ್. ಎಂ416 ಗನ್, 3ಎಕ್ಸ್ ಸ್ಕೋಪ್. ಮೊದಲ ಹತ್ತು ಗುಂಡು ಸರಿ, ಆಮೇಲೆ ಆಕಾಶಕ್ಕೆ. ಕ್ಯಾಮೆರಾ 3ಎಕ್ಸ್ 25 ಇದ್ದದ್ದನ್ನ 45 ಮಾಡಿದೆ. ಈಗ ಏಮ್ ಇಡೋಕೇ ಆಗ್ತಿಲ್ಲ, ಎಲ್ಲ ದಾಟಿ ಹೋಗುತ್ತೆ.

ಕೋಚ್: ತಪ್ಪು ಪಟ್ಟಿ ತಿರುಗಿಸಿದ್ದೀರಿ. ಕ್ಯಾಮೆರಾ ಸೆನ್ಸಿಟಿವಿಟಿ ಕೆಲಸ ಮಾಡೋದು ಗುಂಡು ಹಾರಿಸದೆ ಸುಮ್ಮನೆ ನೋಡುವಾಗ. ಫೈರ್ ಬಟನ್ ಒತ್ತಿದ ಕ್ಷಣದಿಂದ ಎಡಿಎಸ್ ಪಟ್ಟಿ ಲೆಕ್ಕಕ್ಕೆ ಬರುತ್ತೆ. ಸ್ಪ್ರೇ (ಬಿಡದೆ ಹೊಡೆಯೋ ಗುಂಡಿನ ಸಾಲು) ಮೇಲೆ ಹೋದ್ರೆ ಮುಟ್ಟಬೇಕಾದ್ದು ಎಡಿಎಸ್. ಕ್ಯಾಮೆರಾ 3ಎಕ್ಸ್ ವಾಪಸ್ 25ಕ್ಕೆ ತನ್ನಿ. ಟ್ರೇನಿಂಗ್ ಗ್ರೌಂಡ್‌ಗೆ ಹೋಗಿ, ಎಂ416ಗೆ ಸ್ಕೋಪ್ ಬಿಟ್ಟು ಏನೂ ಹಾಕಬೇಡಿ. ಸುಮಾರು 50 ಮೀಟರ್ ದೂರದ ಗೋಡೆಗೆ ನಿಂತುಕೊಂಡೇ 30 ಗುಂಡಿನ ಮ್ಯಾಗಜೀನ್ ಪೂರ್ತಿ ಖಾಲಿ ಮಾಡಿ, ಹೆಬ್ಬೆರಳು ಒಂದೇ ಸಮ ಕೆಳಗೆಳೆಯಿರಿ. ಬೆರಳು ಪರದೆಯ ಅಂಚಿಗೆ ಬಂದ್ರೂ ಗುರುತು ಮೇಲೇರ್ತಿದ್ರೆ ಎಡಿಎಸ್ 3ಎಕ್ಸ್‌ಗೆ 5 ಕೂಡಿಸಿ. ನೆಲ ಹೊಡೀತಿದ್ರೆ 5 ಕಳೆಯಿರಿ. ಒಂದು ಸಲಕ್ಕೆ ಒಂದೇ ಅಂಕಿ. ಬರಿಗನ್‌ನಲ್ಲಿ ಕೂತ ಮೇಲೆ ಕಾಂಪೆನ್ಸೇಟರ್, ವರ್ಟಿಕಲ್ ಗ್ರಿಪ್ ಥರ ಅಲುಗಾಟ ಇಳಿಸೋ ಅಟ್ಯಾಚ್‌ಮೆಂಟ್ ಹಾಕಿದ್ರೆ ಇನ್ನೂ ಹಗುರಾಗುತ್ತೆ. ಎಲ್ಲ ಅಟ್ಯಾಚ್‌ಮೆಂಟ್ ಹಾಕ್ಕೊಂಡು ಸೆಟ್ ಮಾಡಿದ್ರೆ ಮ್ಯಾಚ್‌ನಲ್ಲಿ ಮೊದಲು ಸಿಕ್ಕ ಗನ್ ಕೈಕೊಡುತ್ತೆ.

ಬೆಣ್ಣೆದೋಸೆ ಗೇಮಿಂಗ್: ಕೋಚ್ ನಿಮ್ಮ ಸೆಟ್ಟಿಂಗ್ ಪೂರ್ತಿ ಕಾಪಿ ಮಾಡೋ ಸೆನ್ಸಿ ಕೋಡ್ ಪ್ಲೀಸ್

ಕೋಚ್: ಕೊಡಲ್ಲ.

ಗೌಡ್ರು ಆನ್ ಫೈರ್: ಎಂ762 ಅಕ್ಕಪಕ್ಕ ಅಲ್ಲಾಡುತ್ತೆ ಗುರೂ. ಎಡಿಎಸ್ ಎಷ್ಟಿಟ್ರೆ ನಿಲ್ಲುತ್ತೆ?

ಕೋಚ್: ಎಷ್ಟಿಟ್ರೂ ನಿಲ್ಲಲ್ಲ. ಮೇಲಕ್ಕೆ ಹೋಗೋದನ್ನ ಬೆರಳು ಎಳೆದು ತಡೀಬಹುದು. ಅಡ್ಡ ಅಲುಗಾಟ ಯಾವ ಕಡೆಗೆ ಅಂತ ಮೊದಲೇ ತಿಳಿಯಲ್ಲ. ಆಂಗಲ್ಡ್ ಗ್ರಿಪ್ ಇಲ್ಲ ಹಾಫ್ ಗ್ರಿಪ್ ಹಾಕಿ, ಕೂತು ಹೊಡೀರಿ, ದೂರಕ್ಕೆ ಐದಾರು ಗುಂಡಿಗೆ ನಿಲ್ಲಿಸಿ ಮತ್ತೆ ಹೊಡೀರಿ. ಎಕೆಎಂಗೆ ಗ್ರಿಪ್ಪೇ ಕೂರಲ್ಲ, ಇದಕ್ಕಾದ್ರೂ ಕೂರುತ್ತೆ.

ಸ್ಮೈಲಿ ಸಂತು: ಎಲ್ರಿಗೂ ಉಪಯೋಗ ಆಗ್ಲಿ ಅಂತ ಹಾಕ್ತಿದೀನಿ. ಫಾರ್ವರ್ಡ್ ಆಗಿ ಬಂದಿದ್ದು: "ಝೀರೋ ರಿಕಾಯಿಲ್ (ಗನ್ ಒದೆತವೇ ಇಲ್ಲ) 100% ವರ್ಕಿಂಗ್. ಜೈರೋ ಎಲ್ಲಾ 400. ಡೆವಲಪರ್ ಆಪ್ಷನ್‌ನಲ್ಲಿ ಸ್ಮಾಲೆಸ್ಟ್ ವಿಡ್ತ್ 600. ಕಾನ್ಫಿಗ್ ಫೈಲ್ ಲಿಂಕ್ ಕೆಳಗಿದೆ. ಫೋನ್ ಬಿಸಿಯಾದ್ರೆ ಫ್ರಿಜ್‌ನಲ್ಲಿ 5 ನಿಮಿಷ."

ಕೋಚ್: ಲಿಂಕ್ ತೆಗೆದಿದ್ದೀನಿ. ಯಾರೂ ಹುಡುಕಬೇಡಿ. ಗೇಮ್‌ನ ಫೈಲ್ ತಿದ್ದಿದ್ರೆ ಐಡಿ ಬ್ಯಾನ್, ಗೊತ್ತಿರಲಿಲ್ಲ ಅಂದ್ರೆ ಯಾರೂ ಕೇಳಲ್ಲ. ಸ್ಮಾಲೆಸ್ಟ್ ವಿಡ್ತ್ ಏರಿಸಿದ್ರೆ ಫೋನ್‌ನ ಅಕ್ಷರ, ಐಕಾನ್ ಚಿಕ್ಕದಾಗುತ್ತೆ, ಅಷ್ಟೇ. ಟಚ್ ವೇಗ ಆಗಲ್ಲ. ಎಲ್ಲಾ 400 ಇಟ್ರೆ 6ಎಕ್ಸ್‌ನಲ್ಲಿ ಉಸಿರಾಡಿದ್ರೂ ಗುರುತು ಬೆಟ್ಟದಾಚೆ ಹೋಗುತ್ತೆ. ಸ್ಕೋಪ್ ಹೆಚ್ಚಾದ ಹಾಗೆ ಅಂಕಿ ಇಳೀಬೇಕು. ಶುರುವಿಗೆ ಜೈರೋ ರೆಡ್ ಡಾಟ್ 300, 3ಎಕ್ಸ್ 220, 4ಎಕ್ಸ್ 180, 6ಎಕ್ಸ್ 90, 8ಎಕ್ಸ್ 60 ಇಡಿ. ಅಲ್ಲಿಂದ ನಿಮ್ಮ ಮಣಿಕಟ್ಟಿಗೆ ತಕ್ಕಂತೆ ಹತ್ತತ್ತು ಏರಿಸಿ ಇಳಿಸಿ. ಇನ್ನು ಫ್ರಿಜ್. ಬಿಸಿ ಫೋನ್ ತಣ್ಣಗಿನ ಪೆಟ್ಟಿಗೆಗೆ ಹೋಗಿ ಹೊರಗೆ ಬಂದ್ರೆ ಒಳಗೆಲ್ಲ ನೀರಹನಿ ಕೂರುತ್ತೆ. ಕವರ್ ತೆಗೆದು ಫ್ಯಾನ್ ಕೆಳಗಿಡಿ, ಸಾಕು.

ಹುಬ್ಳಿ ಸ್ನೈಪರ್: ಸರ, ಜೈರೋ ಆಲ್ವೇಸ್ ಆನ್ ಐತಿ, ರೆಡ್ ಡಾಟ್ 300. ಮೊದಲ್ನೇ ಮ್ಯಾಚ್ ಮಸ್ತ್ ನಡೀತೈತಿ. ಎರಡನೇದ್ರಾಗ ನಾ ಮುಟ್ಟದಿದ್ರೂ ಸ್ಕ್ರೀನ್ ತಾನ ಎಡಕ್ಕ ಸರೀತೈತಿ. 220 ಮಾಡಿದ್ರೂ ಹಂಗ. ಎಷ್ಟಕ್ಕ ಇಡ್ಲಿ?

ಕೋಚ್: ಅಂಕಿ ಆಮೇಲೆ. ಜೈರೋ ಪೂರ್ತಿ ಆಫ್ ಮಾಡಿ ಫೋನ್ ಮೇಜಿನ ಮೇಲೆ ಅಂಗಾತ ಇಡಿ. ಸರಿಯೋದು ನಿಂತ್ರೆ ಸೆನ್ಸರ್ ಸಮಸ್ಯೆ, ಬಿಸಿಗೆ ಅದರ ಸೊನ್ನೆ (ಅಲುಗದಿದ್ದಾಗಿನ ಅಳತೆ) ಜಾರುತ್ತೆ. ನಿಲ್ಲದಿದ್ರೆ ಟಚ್. ಡೆವಲಪರ್ ಆಪ್ಷನ್‌ನಲ್ಲಿ "ಶೋ ಟ್ಯಾಪ್ಸ್" ಹಾಕಿ, ಬೆರಳಿಡದೆ ಚುಕ್ಕಿ ಬೀಳುತ್ತಾ ನೋಡಿ. ಚಾರ್ಜ್ ಹಾಕ್ಕೊಂಡು ಆಡ್ತೀರಾ?

ಹುಬ್ಳಿ ಸ್ನೈಪರ್: ಆಫ್ ಮಾಡಿದ್ರೂ ಸರೀತೈತ್ರಿ. ಬಲಗಡೆ ಚುಕ್ಕಿ ತಾನ ಮೂಡಿ ಎಡಕ್ಕ ಓಡ್ತೈತಿ. ಹೌದ್ರಿ, ಚಾರ್ಜ್ ಹಾಕೇ ಆಡೂದು. ಹಿಂದಿನ ಪ್ಯಾನೆಲ್ ಒಂದ್ ಕಡೆ ಬಾಯಿ ಬಿಟ್ಟಿತ್ತು, ಅಂಟು ಹಾಕಿ ಮ್ಯಾಲ ಪುಸ್ತಕ ಇಟ್ಟೀನಿ. ಸೆನ್ಸಿ ಹೇಳ್ರಿ.

ಕೋಚ್: ಸೆನ್ಸಿ ಬಿಡಿ. ಮೊದಲು ಪುಸ್ತಕ ತೆಗೀರಿ, ಚಾರ್ಜರ್ ಕೀಳಿ, ಫೋನ್ ಸ್ವಿಚ್ ಆಫ್ ಮಾಡಿ. ನಿಮ್ಮ ಬ್ಯಾಟರಿ ಊದಿದೆ. ಪ್ಯಾನೆಲ್ ಬಾಯಿ ಬಿಟ್ಟದ್ದು ಅಂಟು ಹೋಗಿ ಅಲ್ಲ, ಒಳಗಿಂದ ತಳ್ಳಿಸಿಕೊಂಡು. ಆಟ ಮತ್ತು ಚಾರ್ಜಿಂಗ್ ಒಟ್ಟಿಗೆ ನಡೆದಾಗ ಎರಡೂ ಕಡೆಯ ಬಿಸಿ ಸೇರುತ್ತೆ, ಲಿಥಿಯಂ ಸೆಲ್ ಒಳಗಿನ ದ್ರವ ಒಡೆದು ಅನಿಲ ಆಗುತ್ತೆ, ಸೆಲ್ ದಿಂಬಿನ ಹಾಗೆ ಉಬ್ಬುತ್ತೆ. ಒಂದು ಕಡೆ ಪ್ಯಾನೆಲ್ ಎತ್ತುತ್ತೆ, ಇನ್ನೊಂದು ಕಡೆ ಡಿಸ್‌ಪ್ಲೇ ಬೆನ್ನನ್ನ ಒತ್ತುತ್ತೆ. ಆ ಒತ್ತಡಕ್ಕೇ ಬೆರಳಿಲ್ಲದೆ ಚುಕ್ಕಿ ಬೀಳ್ತಿರಬೇಕು. ಬಿಸಿಯಾದ ಮೇಲೆ ಇನ್ನಷ್ಟು ಉಬ್ಬೋದ್ರಿಂದ ಮೊದಲ ಮ್ಯಾಚ್ ಸರಿ, ಎರಡನೇದು ಕೆಡೋದು.

ಊದಿದ ಸೆಲ್ ಮೇಲೆ ಭಾರ ಇಟ್ರೆ ಒಳಪದರ ಹರಿದು ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಸೂಜಿ ಚುಚ್ಚಿ ಗಾಳಿ ತೆಗೀರಿ ಅನ್ನೋ ವಿಡಿಯೋನೂ ಫಾರ್ವರ್ಡ್ ಆಗ್ತಿದೆ. ಅದನ್ನ ಮಾಡಿದೋರಿಗೆ ಕೈ ಉಳಿಯಲ್ಲ. ಪ್ಯಾನೆಲ್ ನೀವೇ ಬಿಚ್ಚಬೇಡಿ. ಹಾಸಿಗೆ, ದಿಂಬು, ಪ್ಯಾಂಟ್ ಜೇಬು ಬೇಡ, ನೆಲದ ಟೈಲ್ಸ್ ಮೇಲೆ ಇಡಿ. ಸಿಮ್ ಬೇರೆ ಫೋನ್‌ಗೆ ಹಾಕಿ. ನಾಳೆ ಬೆಳಿಗ್ಗೆ ಸರ್ವಿಸ್ ಸೆಂಟರ್‌ಗೆ ಒಯ್ದು "ಬ್ಯಾಟರಿ ಊದಿದೆ" ಅಂತ ಮೊದಲೇ ಹೇಳಿ, ಹಳೇ ಸೆಲ್ ಅಲ್ಲೇ ಬಿಡಿ, ಕಸದ ಬುಟ್ಟಿಗೆ ಬೇಡ. ಹೊಸ ಬ್ಯಾಟರಿ ಹಾಕಿದ ಮೇಲೂ ಚುಕ್ಕಿ ಬಿದ್ರೆ ಡಿಸ್‌ಪ್ಲೇ ಹೋಗಿದೆ.

ಹುಬ್ಳಿ ಸ್ನೈಪರ್: ಇವತ್ತ ರಾತ್ರಿ ಒಂದ್ ಸ್ಕ್ರಿಮ್ (ಅಭ್ಯಾಸದ ಮ್ಯಾಚ್) ಐತಿ, ಚಾರ್ಜ್ ತೆಗದು ಆಡ್ಲಾ?

ಕೋಚ್: ಬೇಡ. ಆನ್ ಮಾಡಲೇಬೇಡಿ.

ತುಳುನಾಡ್ ಟೈಗರ್: ಜೈರೋ ಇಲ್ಲದೆ ಆಡುವುದೇ ವೇಸ್ಟ್ ಮಾರಾಯ್ರೆ. ರಿಕಾಯಿಲ್ ಮಣಿಕಟ್ಟು ನೋಡಿಕೊಳ್ತದೆ, ಹೆಬ್ಬೆರಳು ಎನಿಮಿಯನ್ನು ಹಿಂಬಾಲಿಸ್ತದೆ. ಥಂಬರ್‌ಗಳಿಗೆ, ಅಂದ್ರೆ ಎರಡೇ ಹೆಬ್ಬೆರಳಲ್ಲಿ ಆಡುವವರಿಗೆ, ಎರಡೂ ಒಂದೇ ಬೆರಳಲ್ಲಿ.

ಮಂಜ ಥಂಬರ್: ಬಸ್ಸಲ್ಲಿ ಕೂತು ಆಡಿ ನೋಡು ನಿನ್ನ ಜೈರೋ. ಕಡಿಮೆ ಬೆಲೆಯ ಎಷ್ಟೋ ಫೋನ್‌ನಲ್ಲಿ ಆ ಸೆನ್ಸರ್ರೇ ಇರಲ್ಲ.

ತುಳುನಾಡ್ ಟೈಗರ್: ಫೋನ್ ಇಲ್ಲದಿದ್ರೆ ಅದು ಆಟದ ತಪ್ಪಾ?

ಮಂಜ ಥಂಬರ್: ಅಪ್ಪನ ದುಡ್ಡಿಗೆ ಐಪ್ಯಾಡ್ ತಗೊಂಡೋರು ಸ್ಕಿಲ್ ಪಾಠ ಮಾಡ್ಬೇಡಿ.

ಬೆಣ್ಣೆದೋಸೆ ಗೇಮಿಂಗ್: 😂😂 ಕೋಡ್ ಮಾತ್ರ ಯಾರೂ ಕೊಡ್ತಿಲ್ಲ

ಕೋಚ್: ನನ್ನ ಪರದೆ ಅಳತೆ ಬೇರೆ, ಎಫ್‌ಪಿಎಸ್ ಬೇರೆ, ಬೆರಳು ಬೇರೆ. ಕೋಡ್ ಹಾಕಿದ್ರೆ ನಿಮ್ಮ ಕೈಗೆ ಕೂರಲ್ಲ. ಇನ್ನೊಂದು ಸಲ ಕೇಳಿದ್ರೆ ಮ್ಯೂಟ್.

ಮಲ್ಲಿಗೆ ಸ್ಕ್ವಾಡ್: ಜೈರೋ "ಸ್ಕೋಪ್ ಆನ್"ಗೂ "ಆಲ್ವೇಸ್ ಆನ್"ಗೂ ಏನು ವ್ಯತ್ಯಾಸ? ಕ್ಲೋಸ್ ರೇಂಜ್‌ನಲ್ಲಿ ನನ್ನ ಜೈರೋ ಕೆಲಸ ಮಾಡ್ತಿಲ್ಲ.

ಕೋಚ್: ಸ್ಕೋಪ್ ಆನ್ ಅಂದ್ರೆ ಸ್ಕೋಪ್ ತೆರೆದಾಗ ಮಾತ್ರ. ಸ್ಕೋಪ್ ತೆರೆಯದೆ ಹೊಡೀತಿದ್ದೀರಿ, ಆಲ್ವೇಸ್ ಆನ್ ಮಾಡಿ.

ತುಳುನಾಡ್ ಟೈಗರ್: ಮಂಜ, ಟಿಡಿಎಂ (ಟೀಮ್ ಡೆತ್‌ಮ್ಯಾಚ್) ರೂಮ್ ಹಾಕ್ತೇನೆ, ಬಾ. ಬಾಯಿ ಬೇಡ.

ಸ್ಮೈಲಿ ಸಂತು: ನಾನು ಒಳ್ಳೇದಕ್ಕೇ ಹಾಕಿದ್ದು, ಎಲ್ಲರ ಮುಂದೆ ಹಾಗೆ ಬೈಬಾರದಿತ್ತು ಕೋಚ್.

ಕೋಚ್: ಲಿಂಕ್ ಒತ್ತಿ ನೋಡಿದ್ರಾ ಹಾಕೋ ಮುಂಚೆ?

ಮಂಜ ಥಂಬರ್: ರೂಮ್ ಐಡಿ ಹಾಕು. ಜೈರೋ ಆಫ್ ಮಾಡಿ ಬಾ.

ಗೌಡ್ರು ಆನ್ ಫೈರ್: ಫೋನ್‌ಗೆ ಕ್ಲಿಪ್ ಹಾಕೋ ಟ್ರಿಗರ್ ಬಟನ್ ಟೂರ್ನಮೆಂಟ್‌ನಲ್ಲಿ ಬಿಡ್ತಾರಾ?

ತುಳುನಾಡ್ ಟೈಗರ್: ಯಾಕೆ ಆಫ್ ಮಾಡ್ಬೇಕು? ಹೆದರಿಕೆಯಾ?