ಆ್ಯಪ್ ತಾನೇ ಮೆಸೇಜ್ ಕಳಿಸಿದರೆ ಅದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಒಂದು ಸಣ್ಣ ಆ್ಯಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೇನೆ. ತೋಟದ ಮನೆಗಳಲ್ಲಿ ಒಬ್ಬೊಬ್ಬರೇ ಇರುವ ವಯಸ್ಸಾದವರಿಗೆ. ಬಿದ್ದರೆ, ಎದೆ ನೋವು ಬಂದರೆ, ಒಂದು ಕೆಂಪು ಗುಂಡಿ ಒತ್ತಿದರೆ ಸಾಕು, ಮೊದಲೇ ಬರೆದಿಟ್ಟ ಮೂರು ನಂಬರಿಗೆ ಮೆಸೇಜ್ ಹೋಗಬೇಕು. ವಾಟ್ಸಾಪ್ ಅಲ್ಲ, ಎಸ್‌ಎಂಎಸ್. ನಮ್ಮ ಮಲೆನಾಡಿನ ಕಡೆ ಮಳೆಗಾಲದಲ್ಲಿ ಇಂಟರ್ನೆಟ್ ನಿಂತುಹೋದರೂ ಒಂದು ಕಡ್ಡಿ ಸಿಗ್ನಲ್ ಉಳಿದಿರುತ್ತದೆ, ಎಸ್‌ಎಂಎಸ್‌ಗೆ ಅಷ್ಟು ಸಾಕು.

ಆ್ಯಪ್‌ನಲ್ಲಿ ಎಸ್‌ಎಂಎಸ್ ಕಳಿಸೋಕೆ ಎರಡು ದಾರಿ ಇವೆ. ಮೊದಲನೆಯದರಲ್ಲಿ ಆ್ಯಪ್ ನಂಬರನ್ನೂ ಬರಹವನ್ನೂ ತುಂಬಿ ಫೋನಿನ ಮೆಸೇಜ್ ಪರದೆಯನ್ನು ತೆರೆದುಕೊಡುತ್ತದೆ, ಕೊನೆಯ ಗುಂಡಿ ಒತ್ತುವವರು ನಾವೇ. ಐಫೋನಿನಲ್ಲಿ ಆ್ಯಪ್‌ಗಳಿಗೆ ಈ ದಾರಿಯೊಂದೇ. ಎರಡನೆಯದು ಆ್ಯಂಡ್ರಾಯ್ಡ್‌ನಲ್ಲಿ ಮಾತ್ರ. ಯಾವ ಪರದೆಯೂ ತೆರೆಯುವುದಿಲ್ಲ. ಕೋಡು ಎಸ್‌ಎಂಎಸ್ ಮ್ಯಾನೇಜರ್‌ಗೆ, ಅಂದರೆ ಫೋನಿನೊಳಗೆ ಎಸ್‌ಎಂಎಸ್ ಕಳಿಸುವ ಭಾಗಕ್ಕೆ, ನಂಬರು, ಬರಹ ಕೊಡುತ್ತದೆ, ಮೆಸೇಜ್ ಹೊರಟುಹೋಗುತ್ತದೆ. ಇದಕ್ಕೆ ಬಳಸುವವರ ಒಪ್ಪಿಗೆ ಬೇಕು. ಅದೂ ಸಾಲದು. 2019ರಿಂದ ಪ್ಲೇ ಸ್ಟೋರ್‌ನಲ್ಲಿ ಈ ವಿಷಯ ಬಹಳ ಬಿಗಿ, ಫೋನಿನ ಮುಖ್ಯ ಮೆಸೇಜ್ ಆ್ಯಪ್ ಅಲ್ಲದವರಿಗೆ ಸುಮ್ಮನೆ ಬಿಡುವುದಿಲ್ಲ. ಆಪತ್ತಿನ ಆ್ಯಪ್‌ಗಳಿಗೆ ವಿನಾಯಿತಿ ಇದೆ. ಅದಕ್ಕೆ ಬೇರೆ ಅರ್ಜಿ ತುಂಬಬೇಕು.

ಈಗ ನನ್ನ ಪ್ರಶ್ನೆ. ಈ ಎರಡು ದಾರಿಗಳನ್ನು ಕನ್ನಡದಲ್ಲಿ ಬೇರೆ ಬೇರೆ ಮಾಡಿ ಹೇಳುವುದು ಹೇಗೆ? ನಾನು ಮೊದಲು ಬರೆದದ್ದು 'ಈ ಆ್ಯಪ್‌ನಿಂದ ಸಂದೇಶ ಕಳುಹಿಸಲು ಅನುಮತಿ ಕೊಡಿ' ಅಂತ. ಓದೋಕೆ ಸರಿಯಾಗೇ ಇದೆ ಅಲ್ವಾ? ಆದರೆ ಕಳಿಸುವವರು ಯಾರು? 'ಇಂದ' ಅನ್ನೋದು ಮೂರು ಕಡೆಗೂ ತಿರುಗುತ್ತದೆ. ಕೊಡಲಿಯಿಂದ ಕಡಿದ ಅಂದರೆ ಕೊಡಲಿ ಸಾಧನ. ಊರಿಂದ ಬಂದ ಅಂದರೆ ಊರು ಹೊರಟ ಜಾಗ. ಅವನಿಂದ ಈ ಕೆಲಸ ಆಯಿತು ಅಂದರೆ ಮಾಡಿದವನೇ ಅವನು. 'ಆ್ಯಪ್‌ನಿಂದ' ಅಂದಾಗ ಆ್ಯಪು ಕೊಡಲಿಯೋ, ಊರೋ, ಅವನೋ? ಒಪ್ಪಿಗೆ ಕೇಳುವ ಜಾಗದಲ್ಲಿ ಈ ಗೊಂದಲ ಇರಬಾರದು.

ನಮ್ಮ ಪಕ್ಕದ ಮನೆಯ ಅಜ್ಜಿಯ ಕೈಗೆ ಆ್ಯಪ್ ಕೊಟ್ಟು ನೋಡಿದೆ. ಅವರು ಒಪ್ಪಿಗೆಯನ್ನೂ ಕೊಟ್ಟರು, ಕೆಂಪು ಗುಂಡಿಯನ್ನೂ ಒತ್ತಿದರು. ಬೆಂಗಳೂರಲ್ಲಿರುವ ಮಗ ಗಾಬರಿಯಿಂದ ಫೋನ್ ಮಾಡಿದ. ಅಜ್ಜಿ ಹೇಳಿದ್ದು ಇಷ್ಟು: 'ನಾನೇನೂ ಕಳಿಸಲಿಲ್ಲ ಮಾರಾಯ, ಅದೇ ಹೋಯ್ತು.' ಒತ್ತಿದ ಮೇಲೆ ಇನ್ನೊಂದು ಸಲ ಕೇಳುತ್ತದೆ ಅಂತ ಅವರು ಅಂದುಕೊಂಡಿದ್ದರು. ತಪ್ಪು ಅವರದ್ದಲ್ಲ, ನನ್ನ ವಾಕ್ಯದ್ದು. ನಾನೇ ಮಗನಿಗೆ ಕ್ಷಮೆ ಕೇಳಿದೆ.

ಆಮೇಲೆ ಒಂದೊಂದೇ ಪದ ಹಾಕಿ ನೋಡಿದೆ. 'ಸ್ವಯಂಚಾಲಿತವಾಗಿ' ಅಂದರೆ ಅಜ್ಜಿಗೆ ಗೇಟು ನೆನಪಾಗುತ್ತದೆ, ಮೆಸೇಜ್ ಅಲ್ಲ. 'ತಾನಾಗಿಯೇ' ಸರಳವಾಗಿದೆ. ಆದರೆ ಗಾಳಿಗೆ ಬಾಗಿಲು ತಾನಾಗಿಯೇ ತೆರೆಯಿತು ಅಂತೀವಲ್ಲ, ಅಲ್ಲಿ ಯಾರ ಕೈವಾಡವೂ ಇಲ್ಲ. ಇಲ್ಲಿ ಅಜ್ಜಿ ಗುಂಡಿ ಒತ್ತಿದ್ದಾರೆ, ನಾನು ಕೋಡು ಬರೆದಿದ್ದೇನೆ. 'ತಂತಾನೆ' ಅಂದರೂ ಅದೇ ತೊಂದರೆ. 'ಪ್ರೋಗ್ರಾಂ ಮೂಲಕ' ಅನ್ನೋದು ಕೋಡು ಬರೆಯುವವರ ನಡುವೆ ನಡೆಯುತ್ತದೆ, ಅಲ್ಲೇ ಇರಲಿ. 'ರವಾನಿಸು' ನೋಡಿದರೆ ಲಾರಿಯಲ್ಲಿ ಅಡಿಕೆ ಮೂಟೆ ಹೋದ ಹಾಗೆ ಕೇಳಿಸುತ್ತದೆ.

ಉತ್ತರ ಕ್ರಿಯಾಪದದ ಬಾಲದಲ್ಲಿ ಸಿಗಬಹುದು ಅಂತ ಆಮೇಲೆ ಹೊಳೆಯಿತು. 'ಆ್ಯಪ್ ಕಳಿಸಿಕೊಡುತ್ತದೆ' ಅಂದರೆ ನಮಗೊಂದು ಉಪಕಾರ ಮಾಡಿದ ಹಾಗೆ. 'ಕಳಿಸಿಬಿಡುತ್ತದೆ' ಅಂದರೆ ಮತ್ತೆ ಹಿಂದಕ್ಕೆ ತರೋಕೆ ಆಗುವುದಿಲ್ಲ ಅನ್ನುವ ಅರ್ಥ ಆ 'ಬಿಡು' ಒಳಗೇ ಇದೆ. ನನಗೆ ಬೇಕಾಗಿದ್ದದ್ದು ಇದೇ ಎಚ್ಚರಿಕೆ. ಹಾಗಾಗಿ ಈಗ ಹೀಗೆ ಬರೆದಿದ್ದೇನೆ: 'ಗುಂಡಿ ಒತ್ತಿದ ಕೂಡಲೆ ಆ್ಯಪೇ ಮೆಸೇಜ್ ಕಳಿಸಿಬಿಡುತ್ತದೆ. ಮತ್ತೆ ಕೇಳುವುದಿಲ್ಲ. ಒಪ್ಪಿಗೆ ಇದೆಯಾ?' 'ಆ್ಯಪ್‌ನಿಂದ' ಹೋಗಿ 'ಆ್ಯಪೇ' ಬಂತು. ಒಂದು ಏಕಾರ ಇಷ್ಟು ಕೆಲಸ ಮಾಡುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಜ್ಜಿ 'ಅದೇ ಹೋಯ್ತು' ಅಂದಾಗ ಕೊಟ್ಟದ್ದೂ ಅದೇ ಏಕಾರ. ಆದರೆ 'ಕಳಿಸಿಬಿಡುತ್ತದೆ' ಅಂದರೆ ಸ್ವಲ್ಪ ದೂರು ಹೇಳಿದ ಹಾಗೆ ಇಲ್ಲವಾ, ಬೇಡದ ಕೆಲಸ ಮಾಡಿಬಿಟ್ಟ ಅನ್ನುವ ಹಾಗೆ? ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ಹೇಳಿ.

ಗುಂಡಿಯ ಮೇಲಿನ ಪದ ಇನ್ನೂ ಕಷ್ಟ. ತುಂಬಾ ಕಡೆ 'ಕಳುಹಿಸಿ' ಅಂತ ಇರುತ್ತದೆ. ಯಾರು ಯಾರಿಗೆ ಹೇಳುತ್ತಿದ್ದಾರೆ? ಫೋನು ನಮಗೆ, ಮರ್ಯಾದೆಯಿಂದ. ಅಂದರೆ ಕಳಿಸಬೇಕಾದವರು ನಾವು. ನನ್ನ ಆ್ಯಪ್‌ನಲ್ಲಿ ಕಳಿಸಬೇಕಾದದ್ದು ಫೋನು, ಹೇಳುವವರು ಅಜ್ಜಿ. ಹಾಗಾದರೆ 'ಕಳಿಸು' ಅಂತ ಇರಬೇಕು. ಯಂತ್ರಕ್ಕೆ ಬಹುವಚನ ಯಾಕೆ? ಒಬ್ಬ ಗೆಳತಿ 'ಕಳಿಸು ಅಂದರೆ ಒರಟು' ಅಂತ ವಾದಿಸಿದಳು. ಅದು ಗುಂಡಿ ನಮಗೆ ಹೇಳಿದರೆ ಒರಟು. ನಾವು ಗುಂಡಿಗೆ ಹೇಳಿದರೆ ಸರಿ ತಾನೇ?

ಹೀಗೆ ಮಾತಾಡುವಾಗಲೇ ನಮ್ಮ ಅಮ್ಮ ಅಡುಗೆಮನೆಯಿಂದ 'ಹೇಳಿ ಕಳಿಸು ಅಂತ ಹಾಕು' ಅಂದರು. ಎಷ್ಟು ಹಳೆಯ ಮಾತು! ಫೋನ್ ಇಲ್ಲದ ಕಾಲದಲ್ಲಿ ಯಾರಾದರೂ ಹುಡುಗನನ್ನು ಓಡಿಸಿ 'ಡಾಕ್ಟರಿಗೆ ಹೇಳಿ ಕಳಿಸು' ಅನ್ನುತ್ತಿದ್ದರು. ಅದರಲ್ಲಿ ಸುದ್ದಿಯೂ ಇದೆ, 'ಬನ್ನಿ' ಅನ್ನುವ ಕರೆಯೂ ಇದೆ. ನಡುವೆ ಒಬ್ಬ ಓಡುವವನೂ ಇದ್ದಾನೆ. ನನ್ನ ಆ್ಯಪು ಮಾಡುವುದು ಆ ಹುಡುಗನ ಕೆಲಸವನ್ನೇ. ಕೆಂಪು ಗುಂಡಿಯ ಮೇಲೆ 'ಮನೆಯವರಿಗೆ ಹೇಳಿ ಕಳಿಸು' ಅಂತ ಹಾಕಿದ್ದೇನೆ. ಕರೆಂಟ್ ಬಿಲ್ಲಿಗೋ ಓಟಿಪಿಗೋ ಈ ಮಾತು ಹೊಂದುವುದಿಲ್ಲ, ಅಲ್ಲಿ ಯಾರೂ ಯಾರನ್ನೂ ಕರೆಯುತ್ತಿಲ್ಲ. ಇಲ್ಲಿ ಮಾತ್ರ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕಳಿಸಿದ ಮೇಲೆ ಬರುವ ಎರಡು ಸೂಚನೆಗಳ ಬಗ್ಗೆಯೂ ಕೇಳಬೇಕಿತ್ತು. ಮೆಸೇಜ್ ನಮ್ಮ ಫೋನಿಂದ ನೆಟ್‌ವರ್ಕಿಗೆ ಸೇರಿದಾಗ ಒಂದು ಬರುತ್ತದೆ. ಆ ಕಡೆಯವರ ಫೋನಿಗೆ ಸೇರಿದಾಗ ಇನ್ನೊಂದು. ಅವರ ಫೋನ್ ಆಫ್ ಆಗಿದ್ದರೆ ಮೆಸೇಜ್ ನಡುವೆ ಎಸ್‌ಎಂಎಸ್ ಸೆಂಟರಿನಲ್ಲಿ ಕಾಯುತ್ತದೆ, ಎರಡನೆಯದು ಬರುವುದೇ ಇಲ್ಲ ಅಥವಾ ತಡವಾಗಿ ಬರುತ್ತದೆ. 'ಕಳುಹಿಸಲಾಗಿದೆ', 'ತಲುಪಿಸಲಾಗಿದೆ' ಅಂತ ಹಾಕಿದರೆ ಕನ್ನಡಕ ಇಲ್ಲದವರಿಗೆ ಎರಡೂ ಒಂದೇ ಥರ ಕಾಣುತ್ತವೆ. 'ಹೋಗಿದೆ', 'ಮುಟ್ಟಿದೆ' ಸಾಕಲ್ವಾ? 'ನಿಮ್ಮ ಕಾಗದ ಮುಟ್ಟಿತು' ಅಂತ ಬರೆಯುತ್ತಿದ್ದ ಕಾಲದವರಿಗೆ ಅದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಊರು ಮುಟ್ಟಿದ ಮೇಲೆ ಫೋನ್ ಮಾಡು ಅಂತ ಈಗಲೂ ಅನ್ನುತ್ತಾರೆ.

ಮೆಸೇಜ್ ಒಳಗಿನ ಮಾತು ಹೀಗಿದೆ: 'ನನಗೆ ಹುಷಾರಿಲ್ಲ, ಬೇಗ ಬನ್ನಿ'. ಕನ್ನಡದ ಒಂದು ಅಕ್ಷರ ಇದ್ದರೂ ಒಂದು ಎಸ್‌ಎಂಎಸ್‌ಗೆ ಇಂಗ್ಲಿಷಿನಲ್ಲಿ ಸಿಗುವ 160 ಅಕ್ಷರದ ಬದಲು 70 ಮಾತ್ರ ಸಿಗುತ್ತದೆ. ಆ 70 ಏನು ಅನ್ನೋದೇ ಇನ್ನೊಂದು ಸಮಸ್ಯೆ. ನಾವು ಎಣಿಸಿದರೆ ಈ ಮಾತಿನಲ್ಲಿ 11 ಅಕ್ಷರ. ಫೋನು ಎಣಿಸಿದರೆ 25, ಯಾಕೆಂದರೆ ಗುಣಿತ, ಒತ್ತು, ನಡುವಿನ ಜಾಗ, ಅಲ್ಪವಿರಾಮ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಅದರ ಲೆಕ್ಕ 6! ಇರುವ ಜಾಗ ತೋರಿಸುವ ಲಿಂಕಿಗೆ 42 ಬೇಕು, ಅದರ ಮುಂದೆ ಒಂದು ಖಾಲಿ ಜಾಗ. ಒಟ್ಟು 68. 'ದಯವಿಟ್ಟು' ಸೇರಿಸಿದರೆ 77 ಆಗಿ ಮೆಸೇಜ್ ಎರಡಾಗುತ್ತದೆ, ದುಡ್ಡೂ ಎರಡರದ್ದು ಹೋಗಬಹುದು. ಹಾಗಾಗಿ 'ದಯವಿಟ್ಟು' ತೆಗೆದೆ. ಆದರೆ ಫೋನು ಎಣಿಸುವ ಇದನ್ನು 'ಅಕ್ಷರ' ಅನ್ನೋಕೆ ನನಗೆ ಮನಸ್ಸಿಲ್ಲ. ಮೆಸೇಜನ್ನು ತಮ್ಮ ಮಾತಿನಲ್ಲಿ ಬದಲಿಸಿಕೊಳ್ಳುವವರಿಗೆ 'ಇನ್ನು 2 ಅಕ್ಷರ ಉಳಿದಿವೆ' ಅಂತ ತೋರಿಸಿದರೆ ಅವರು 'ಸ್ತ್ರೀ' ಥರದ ಎರಡು ಅಕ್ಷರ ಬರೆಯೋಕೆ ಹೋಗುತ್ತಾರೆ. ಸದ್ಯಕ್ಕೆ 'ಗುರುತು' ಅಂತ ಹಾಕಿದ್ದೇನೆ, ಸಮಾಧಾನ ಇಲ್ಲ.

ಇನ್ನೊಂದು. ಆ್ಯಪೇ ಕಳಿಸುವಾಗ 'ನನಗೆ ಹುಷಾರಿಲ್ಲ' ಅನ್ನಬಹುದಾ? ಅಜ್ಜಿಯ ಮಾತನ್ನು ಅದು ಆಡಿದ ಹಾಗಾಯಿತು. 'ಅಮ್ಮನಿಗೆ ಹುಷಾರಿಲ್ಲ' ಅಂದರೆ ಓಡಿಬಂದ ಹುಡುಗ ಹೇಳಿದ ಹಾಗೆ ಇರುತ್ತದೆ, ಆದರೆ ನಂಬರಿನಲ್ಲಿ ಒಂದು ಡಾಕ್ಟರದ್ದೂ ಇದೆ, ಡಾಕ್ಟರಿಗೆ ಅಜ್ಜಿ ಅಮ್ಮ ಅಲ್ಲ. ಈಗ 'ನನಗೆ' ಅಂತಲೇ ಬಿಟ್ಟಿದ್ದೇನೆ.

ಮುಂದಿನ ವಾರ ಅರ್ಜಿ ಹಾಕಬೇಕು. ಅಷ್ಟರೊಳಗೆ ಕರಾವಳಿಯವರು, ಕಲಬುರಗಿ, ಬೀದರ್ ಕಡೆಯವರು ಹೇಳಿ: ಕೈ ತಾಗಿ ನಿಮ್ಮ ಫೋನಿಂದ ಯಾರಿಗೋ ಮೆಸೇಜ್ ಹೋದರೆ ಮನೆಯಲ್ಲಿ ಏನು ಅನ್ನುತ್ತೀರಿ? 'ಹೇಳಿ ಕಳಿಸು' ನಿಮ್ಮ ಕಡೆಯ ಹಿರಿಯರಿಗೆ ಗೊತ್ತಾ? ಒಂದು ಸಲ ಅವರನ್ನೇ ಕೇಳಿ ಬರೆಯಿರಿ.